ಎಂಜಿನ್ನಿನ ಎಣ್ಣೆಗೆ ತೂಬು

ಈ ದಿನದ ನಮ್ಮ ಭಾಷಣದ ವಿಷಯವನ್ನು ಕೇಳಿದೊಡನೆ ಶ್ರೋತೃಗಳಲ್ಲಿ ಕೆಲವರಿಗಾದರೂ ನಗು ಬಂದೀತು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರಿಗೆ, ಲಾರಿಯ ಎಂಜಿನ್ನಿನೊಳಗೆ ಅಡಗಿ ಕುಳಿತಿರುವ, ಕಿರುಬೆರಳ ತುದಿಗೆ ಟೋಪಿಯಾಗಬಲ್ಲಷ್ಟು ಸಣ್ಣದಾದ ಒಂದು ರಬ್ಬರಿನ ತುಣುಕಿನ ಗೊಡವೆ ಏಕೆ ಎಂದು ಅವರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ತುಣುಕಿನ ವಿಷಯದಲ್ಲಿ ಆದ ಒಂದು ತಪ್ಪಿನಿಂದ ಒಂದು ಸಂಸಾರದ ಎರಡು ತಿಂಗಳ ಸಂಪಾದನೆ ನೀಲಿ ಹೊಗೆಯಾಗಿ ಆಕಾಶಕ್ಕೆ ಏರಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಗ್ಯಾರೇಜಿನವರು ಇದನ್ನು ವಾಲ್ವು ಸೀಲು ಎನ್ನುತ್ತಾರೆ. ಎಂಜಿನ್ನಿನ ಹೆಡ್ಡನ್ನು ಬಿಚ್ಚಿ ಹೊಸದಾಗಿ ಕಟ್ಟುವಾಗ ಯಾವ ಸೀಲನ್ನು ಹಾಕಬೇಕು, ಏನನ್ನು ನೋಡಿ ಅದನ್ನು ನಿರ್ಧರಿಸಬೇಕು ಎಂಬುದೇ ಇಂದಿನ ವಿಚಾರ. ಕಾರನ್ನೋ ಲಾರಿಯನ್ನೋ ಇಟ್ಟುಕೊಂಡವರಿಗೆ ಇದು ಹಣದ ಪ್ರಶ್ನೆ. ಉಳಿದ ನಮಗೆಲ್ಲ ಉಸಿರಾಡುವ ಗಾಳಿಯ ಪ್ರಶ್ನೆ.

ಮೊದಲು ಈ ಕಥೆ ನಡೆದ ನಾಡನ್ನು ಸ್ವಲ್ಪ ನೋಡೋಣ. ಕಲಬುರಗಿಯಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲು ಶಹಾಬಾದ, ಅನಂತರ ವಾಡಿ. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ. ನಿಜಾಮರ ಕಾಲದಲ್ಲಿ, ೧೮೭೪ರಲ್ಲಿ, ಸಿಕಂದರಾಬಾದಿಗೆ ತೆರೆದ ದಾರಿ ಅಲ್ಲಿಂದ ಪೂರ್ವಕ್ಕೆ ತಿರುಗಿ ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಚಿಂಚೋಳಿ ಮಾತ್ರ ರೈಲಿಗೆ ದೂರವಾಗಿ, ಸೇಡಮಿಗೆ ಉತ್ತರದ ಗುಡ್ಡಗಾಡಿನಲ್ಲಿದೆ. ಈ ಸೀಮೆಯ ನೆಲದಡಿಯಲ್ಲಿ ಸುಣ್ಣದ ಕಲ್ಲಿನ ದೊಡ್ಡ ನಿಧಿಯೇ ಇದೆ. ಪದರಪದರವಾಗಿ ಏಳುವ ಶಹಾಬಾದದ ಫರಸಿಯನ್ನು ತುಳಿಯದ ಕನ್ನಡಿಗರು ವಿರಳ. ಶಹಾಬಾದದ ಸಿಮೆಂಟು ಕಂಪನಿ ೧೯೩೬ರಲ್ಲಿ ಹತ್ತು ಕಂಪನಿಗಳು ಒಂದಾದಾಗ ಎ.ಸಿ.ಸಿ.ಯಲ್ಲಿ ಸೇರಿತು, ವಾಡಿಯ ಕಾರ್ಖಾನೆ ೧೯೬೮ರಲ್ಲಿ ಆರಂಭವಾಯಿತು, ತರುವಾಯ ಮಳಖೇಡ, ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ತಾಲ್ಲೂಕುಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಕಲ್ಲು, ಫರಸಿ, ಸಿಮೆಂಟು, ತೊಗರಿ ಇವೆಲ್ಲವನ್ನೂ ಹೊತ್ತು ಲಾರಿಗಳು ಹಗಲಿರುಳು ಓಡುತ್ತವೆ. ರಸ್ತೆಯ ಎರಡು ಬದಿಯ ಗಿಡಗಳೂ ಬಿಳಿಯ ಧೂಳನ್ನು ಹೊದ್ದು ನಿಂತಿರುತ್ತವೆ. ಬೇಸಿಗೆಯಲ್ಲಿ ನೆರಳಿನಲ್ಲಿಯೇ ಉಷ್ಣಮಾನ ೪೦ ಡಿಗ್ರಿಯನ್ನು ಮೀರುತ್ತದೆ. ಭಾರ, ಧೂಳು, ಬಿಸಿಲು ಈ ಮೂರೂ ಒಂದೆಡೆ ಸೇರಿದ ಕಡೆ ಎಂಜಿನ್ನಿನ ಆಯುಷ್ಯದ ಪರೀಕ್ಷೆ ಬೇಗನೆ ನಡೆಯುವುದು ಸಹಜ.

ನಮ್ಮ ಹತ್ತಿರದ ಬಂಧುಗಳೊಬ್ಬರು ಸೇಡಮಿನಲ್ಲಿದ್ದಾರೆ. ಸಾಲಮಾಡಿ ಕೊಂಡ ಒಂದೇ ಒಂದು ಲಾರಿಯೇ ಅವರ ಸಂಸಾರಕ್ಕೆ ಆಧಾರ. ಆರು ಸಿಲಿಂಡರಿನ ಆ ಡೀಸೆಲು ಎಂಜಿನ್ನು ಬೆಳಗ್ಗೆ ಹೊರಡುವಾಗ ನೀಲಿ ಹೊಗೆಯನ್ನು ಉಗುಳಲು ಮೊದಲುಮಾಡಿತು. ಎಣ್ಣೆ ದಿನೇ ದಿನೇ ಕಡಮೆಯಾಗತೊಡಗಿತು. ಅವರು ಒಂದು ಗ್ಯಾರೇಜಿನಲ್ಲಿ ಹೆಡ್ಡನ್ನು ಬಿಚ್ಚಿಸಿ, ಪೇಟೆಯಲ್ಲಿ ಸಿಕ್ಕಿದ ಅತ್ಯಂತ ದುಬಾರಿಯಾದ ಸೀಲುಗಳನ್ನೇ ತಂದು ಹಾಕಿಸಿದರು. ಒಂದು ವಾರ ಹೊಗೆ ನಿಂತಿತು. ತಿಂಗಳು ತುಂಬುವುದರೊಳಗಾಗಿ ಮೊದಲಿಗಿಂತಲೂ ದಟ್ಟವಾಗಿ ಮರಳಿತು. ಮತ್ತೆ ಹೆಡ್ಡು ಬಿಚ್ಚುವ ಕೂಲಿ, ಮತ್ತೆ ಗ್ಯಾಸ್ಕೆಟ್ಟು, ಮತ್ತೆ ಲಾರಿ ನಿಂತ ದಿನಗಳ ನಷ್ಟ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ರಜೆಯಲ್ಲಿ ಅಲ್ಲಿಗೆ ಹೋಗಿದ್ದ ನಾವು ಅವರೊಡನೆ ವಾಡಿಯ ಒಬ್ಬ ವೃದ್ಧ ಉಸ್ತಾದರ ಬಳಿಗೆ ಹೋದೆವು. ಅವರು ವಾಲ್ವೊಂದನ್ನು ಅರ್ಧ ಹೊರಕ್ಕೆಳೆದು ಎರಡು ಬೆರಳಿನಿಂದ ಅತ್ತಿತ್ತ ಅಲುಗಿಸಿದರು. ಅದು ಸಡಿಲವಾದ ಹಲ್ಲಿನಂತೆ ಅಲುಗಿತು. ಸೀಲು ಒಳ್ಳೆಯದೇ ಅಲ್ಲವೆ ಎಂದು ನಾವು ಕೇಳಿದುದಕ್ಕೆ ಅವರು ನಕ್ಕು, “ಸರ, ಗ್ವಾಡಿ ಬಿದ್ದ ಮ್ಯಾಲ ಬಾಗಿಲಕ ಕೀಲಿ ಹಾಕಿ ಏನ್ ಮಾಡ್ತೀರಿ?” ಎಂದರು. ನಾವು ಇಂದು ಹೇಳಬೇಕೆಂದಿರುವುದರ ಸಾರವೆಲ್ಲವೂ ಈ ಮಾತಿನಲ್ಲಿದೆ. ಮುಂದಿನದು ಅದರ ವ್ಯಾಖ್ಯಾನವಷ್ಟೆ.

ಎಂಜಿನ್ನಿನ ಸಿಲಿಂಡರಿಗೆ ಮೇಲ್ಮುಚ್ಚಳವಾಗಿರುವ ಭಾಗವೇ ಹೆಡ್ಡು. ಗಾಳಿ ಒಳಕ್ಕೆ ಬರುವುದಕ್ಕೂ ಉರಿದ ಹೊಗೆ ಹೊರಕ್ಕೆ ಹೋಗುವುದಕ್ಕೂ ಅದರಲ್ಲಿ ದ್ವಾರಗಳುಂಟು. ಈ ದ್ವಾರಗಳನ್ನು ತೆರೆದು ಮುಚ್ಚುವ ಕವಾಟವೇ ವಾಲ್ವು. ಗ್ಯಾರೇಜಿನಲ್ಲಿ ಇವನ್ನು ಇನ್‌ಲೆಟ್ಟು, ಎಕ್ಸಾಸ್ಟು ಎನ್ನುತ್ತಾರೆ. ನಾವು ಗಾಳಿಯ ವಾಲ್ವು, ಹೊಗೆಯ ವಾಲ್ವು ಎಂದು ಕರೆಯೋಣ. ವಾಲ್ವಿನ ಆಕಾರ ಅಣಬೆಯಂತೆ. ಅಗಲವಾದ ತಲೆ ದ್ವಾರವನ್ನು ಮುಚ್ಚುತ್ತದೆ. ಉದ್ದವಾದ ದಂಡ ಗೈಡು ಎಂಬ ಲೋಹದ ಕೊಳವೆಯಲ್ಲಿ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಹೆಡ್ಡಿನ ಮೇಲ್ಭಾಗದಲ್ಲಿ ರಾಕರುಗಳೂ ಸ್ಪ್ರಿಂಗುಗಳೂ ಕೆಲಸಮಾಡುವುದರಿಂದ ಅಲ್ಲಿ ಸದಾ ಎಣ್ಣೆಯ ಸಿಂಚನ. ಕೆಳಗಡೆ ಬೆಂಕಿ, ಮೇಲುಗಡೆ ಎಣ್ಣೆ. ನಡುವೆ ಗೈಡಿಗೂ ದಂಡಕ್ಕೂ ಇರುವ ಕೂದಲೆಳೆಯ ಸಂದು. ಆ ಸಂದಿನ ಬಾಯಿಯಲ್ಲಿ, ಗೈಡಿನ ನೆತ್ತಿಯ ಮೇಲೆ, ಕಾವಲು ನಿಂತಿರುವುದೇ ನಮ್ಮ ಸೀಲು.

ಮೊದಲು ಇಂತಹ ಕಾವಲುಗಾರನ ಅವಶ್ಯಕತೆ ಇಷ್ಟೊಂದು ಇರಲಿಲ್ಲ. ನಿಜಾಮರ ರೈಲ್ವೆಯವರು ೨೭ ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿದುದು ೧೯೩೨ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಹೊರಬಂದ ಫೋರ್ಡ್ ವಿ-೮ ಎಂಜಿನ್ನಿನಲ್ಲಿ ವಾಲ್ವುಗಳು ಹೆಡ್ಡಿನಲ್ಲಿರದೆ ಸಿಲಿಂಡರಿನ ಪಕ್ಕದಲ್ಲಿದ್ದವು; ತಲೆ ಮೇಲಾಗಿ, ದಂಡ ಕೆಳಗಾಗಿ. ಆ ಕಾಲದ ಅನೇಕ ಮೋಟಾರುಗಳ ರೀತಿಯೂ ಅದೇ. ಎಣ್ಣೆ ತನ್ನ ಭಾರದಿಂದ ಮೇಲಕ್ಕೆ ಹರಿಯುವುದುಂಟೆ? ವಾಲ್ವುಗಳು ಹೆಡ್ಡನ್ನೇರಿ ದಂಡಗಳು ಎಣ್ಣೆಯ ಕಡೆಗೆ ಮುಖಮಾಡಿ ನಿಂತ ಎಂಜಿನ್ನುಗಳಲ್ಲಿ ಹಾಗಲ್ಲ. ಎಣ್ಣೆ ತಾನಾಗಿಯೇ ಇಳಿಯುತ್ತದೆ. ಆದುದರಿಂದ ಅಲ್ಲಿ ಕಾವಲು ಬೇಕಾಯಿತು.

ಇಳಿಯುವ ಎಣ್ಣೆಯ ಪ್ರಮಾಣ ಎಷ್ಟಾದೀತು? ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಎಂಜಿನ್ನು ನಿಮಿಷಕ್ಕೆ ೨,೦೦೦ ಸುತ್ತು ತಿರುಗುವಾಗ ಪ್ರತಿ ವಾಲ್ವೂ ನಿಮಿಷಕ್ಕೆ ೧,೦೦೦ ಸಲ, ಎಂದರೆ ಗಂಟೆಗೆ ೬೦,೦೦೦ ಸಲ ತೆರೆಯುತ್ತದೆ. ತೆರೆದಾಗಲೊಮ್ಮೆ ಒಂದು ಘನ ಸೆಂಟಿಮೀಟರಿನ ಹತ್ತುಸಾವಿರದಲ್ಲೊಂದು ಪಾಲು ಎಣ್ಣೆ ಕೆಳಗೆ ಜಾರಿತೆಂದು ಭಾವಿಸೋಣ. ಅದು ಕಣ್ಣಿಗೂ ಕಾಣದು. ಆದರೂ ಒಂದು ವಾಲ್ವಿನಿಂದ ಗಂಟೆಗೆ ೬ ಘನ ಸೆಂಟಿಮೀಟರು. ಆರು ವಾಲ್ವುಗಳಿಂದ ೩೬. ಹತ್ತು ಗಂಟೆಯ ದುಡಿಮೆಯಲ್ಲಿ ೩೬೦. ಹತ್ತು ದಿನಗಳಲ್ಲಿ ಮೂರೂವರೆ ಲೀಟರಿಗಿಂತಲೂ ಹೆಚ್ಚು ಎಣ್ಣೆ ಉರಿದು ಹೋಯಿತು. ಅತ್ಯಲ್ಪವೆಂಬುದು ಬಾರಿಬಾರಿಗೂ ಮರಳಿದರೆ ಅತ್ಯಧಿಕವಾಗುತ್ತದೆ.

ಹಾಗಾದರೆ ಒಂದು ತೊಟ್ಟೂ ಇಳಿಯದಂತೆ ಬಿಗಿಯಾಗಿ ಮುಚ್ಚಿಬಿಟ್ಟರಾಯಿತಲ್ಲ ಎಂದು ತೋರಬಹುದು. ಸೀಲನ್ನು ಕುರಿತು ಜನರಲ್ಲಿರುವ ಮುಖ್ಯವಾದ ತಪ್ಪು ತಿಳಿವಳಿಕೆ ಇದೇ. ದಂಡವೂ ಲೋಹ, ಗೈಡೂ ಲೋಹ. ಇವೆರಡೂ ಗಂಟೆಗೆ ಅರವತ್ತು ಸಾವಿರ ಸಲ ಒಂದರ ಮೇಲೊಂದು ಉಜ್ಜಿಕೊಳ್ಳುವಾಗ ನಡುವೆ ಎಣ್ಣೆಯ ತೆಳುವಾದ ಪೊರೆಯಿಲ್ಲದಿದ್ದರೆ ಬಿಸಿಯಾಗಿ, ಗೀಚಿ, ಕೊನೆಗೆ ಹಿಡಿದುಕೊಂಡುಬಿಡುತ್ತವೆ. ಕೆರೆಯ ತೂಬನ್ನು ನೋಡಿರಿ. ತೂಬು ಒಡೆದರೆ ಗದ್ದೆ ಕೊಚ್ಚಿಹೋಗುತ್ತದೆ. ತೂಬನ್ನು ತೆರೆಯದೆಯೇ ಇಟ್ಟರೆ ಗದ್ದೆ ಒಣಗುತ್ತದೆ. ಅಳೆದು ಬಿಡುವುದೇ ತೂಬಿನ ಧರ್ಮ. ಸೀಲಿನ ಧರ್ಮವೂ ಅದೇ. ಎಣ್ಣೆಯನ್ನು ತಡೆಯುವುದಕ್ಕಲ್ಲ, ಅಳೆದು ಕೊಡುವುದಕ್ಕೆ ಅದು ಇರುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆಯ ಮುಂದಿನ ಸೂತ್ರಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಮೊದಲನೆಯದಾಗಿ, ದೋಷ ನಿಜವಾಗಿಯೂ ಅಲ್ಲಿಯೇ ಇದೆಯೇ ಎಂಬುದನ್ನು ನೋಡಬೇಕು. ಹೊಗೆಯೆಲ್ಲ ಒಂದೇ ಅಲ್ಲ. ಕಪ್ಪು ಹೊಗೆ ಪೂರ್ಣವಾಗಿ ಉರಿಯದ ಡೀಸೆಲಿನದು. ಎಂಜಿನ್ನು ಕಾದ ಮೇಲೆಯೂ ನಿಲ್ಲದ ಬಿಳಿಯ ಹೊಗೆ ಹಲವು ವೇಳೆ ನೀರಿನದು. ನೀಲಿ ಹೊಗೆ ಎಣ್ಣೆಯದು. ನೀಲಿಯಲ್ಲಿಯೂ ಕಾಲಭೇದವುಂಟು. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಹೊರಡುವಾಗ ಒಂದು ಸಲ ನೀಲಿಯನ್ನುಗುಳಿ ಸುಮ್ಮನಾದರೆ, ಅಥವಾ ಬಹಳ ಹೊತ್ತು ಸುಮ್ಮನೆ ತಿರುಗುತ್ತಿದ್ದು ಒಡನೆಯೇ ವೇಗಗೊಂಡಾಗ ಉಗುಳಿದರೆ, ಸೀಲನ್ನೋ ಗೈಡನ್ನೋ ಸಂಶಯಿಸಬೇಕು. ಭಾರವನ್ನೆಳೆಯುವಾಗ ಎಡೆಬಿಡದೆ ನೀಲಿ ಬರುತ್ತಿದ್ದರೆ ಪಿಸ್ಟನ್ನಿನ ರಿಂಗುಗಳನ್ನು ನೋಡಬೇಕು. ಟರ್ಬೊ ಇರುವ ಎಂಜಿನ್ನಿನಲ್ಲಿ ಅದರ ಬೇರಿಂಗಿನ ಕಡೆಯಿಂದಲೂ ಎಣ್ಣೆ ಸೋರಬಹುದು. ಹೆಡ್ಡು ಬಿಚ್ಚುವ ಮೊದಲೇ ಸಿಲಿಂಡರಿಗೆ ಗಾಳಿಯನ್ನು ತುಂಬಿ, ಅದು ಎಲ್ಲಿಂದ ತಪ್ಪಿಸಿಕೊಳ್ಳುತ್ತದೆಂದು ಕಿವಿಗೊಟ್ಟರೆ ಅರ್ಧ ಉತ್ತರ ದೊರಕುತ್ತದೆ. ಎಣ್ಣೆ ಸುರಿಯುವ ಬಾಯಿಯಲ್ಲಿ ಸುಯ್ಲು ಜೋರಾಗಿ ಕೇಳಿದರೆ ತಪ್ಪು ರಿಂಗಿನದು. ಸೀಲನ್ನು ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದಾಗಿ, ಹೆಡ್ಡು ಕೈಗೆ ಬಂದ ಮೇಲೆ, ಸೀಲಿನ ಅಂಗಡಿಗೆ ಹೋಗುವುದಕ್ಕೆ ಮುಂಚೆ ಗೈಡನ್ನು ಅಳೆಯಬೇಕು. ನಮ್ಮ ಬಂಧುಗಳ ಲಾರಿಯಲ್ಲಿ ತಪ್ಪಿದುದು ಈ ಹೆಜ್ಜೆ. ಹೊಸ ಎಂಜಿನ್ನುಗಳಲ್ಲಿ ದಂಡಕ್ಕೂ ಗೈಡಿಗೂ ಇರುವ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ತಲೆಗೂದಲಿನ ದಪ್ಪದ ಆಸುಪಾಸು. ಹೆಚ್ಚು ಕಾದು ಹಿಗ್ಗುವ ಹೊಗೆಯ ವಾಲ್ವಿಗೆ ಅದು ಸಾಮಾನ್ಯವಾಗಿ ತುಸು ಹೆಚ್ಚು. ನಿಖರವಾದ ಅಂಕಿಯನ್ನೂ ಸವೆತದ ಮಿತಿಯನ್ನೂ ಆಯಾ ಎಂಜಿನ್ನು ಮಾಡಿದವರ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಅನುಭವಿಯಾದ ಬೆರಳು ಸಂಶಯವನ್ನು ಎತ್ತಬಲ್ಲುದೇ ಹೊರತು ತೀರ್ಪನ್ನು ಕೊಡಲಾರದು. ಗೈಡಿನ ಒಳವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಒಂದೊಂದು ಕಡೆಯೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಏಕೆಂದರೆ ರಾಕರು ದಂಡವನ್ನು ಕೆಳಕ್ಕೊತ್ತುವಾಗ ಸ್ವಲ್ಪ ಪಕ್ಕಕ್ಕೂ ತಳ್ಳುವುದರಿಂದ ಗೈಡು ಸಮನಾಗಿ ಸವೆಯದೆ ಎರಡು ತುದಿಗಳಲ್ಲಿ ಗಂಟೆಯ ಬಾಯಿಯಂತೆ ಅಗಲವಾಗುತ್ತದೆ. ಅಂತಹ ಗೈಡಿನಲ್ಲಿ ದಂಡ ನೇರವಾಗಿ ಜಾರದೆ ಓಲಾಡುತ್ತದೆ. ಓಲಾಡುವ ದಂಡವನ್ನು ಸೀಲಿನ ತುಟಿ ಸ್ವಲ್ಪ ದೂರ ಹಿಂಬಾಲಿಸಬಲ್ಲುದು. ಮೇರೆ ಮೀರಿದರೆ ಒಂದು ಪಕ್ಕದಲ್ಲಿ ಬಿಟ್ಟುಕೊಳ್ಳುತ್ತದೆ, ಇನ್ನೊಂದು ಪಕ್ಕದಲ್ಲಿ ಸವೆಯುತ್ತದೆ. ಆಗ ಚಿನ್ನದ ಸೀಲನ್ನು ಹಾಕಿದರೂ ಒಂದು ತಿಂಗಳ ಆಟ.

ಸವೆದ ಗೈಡನ್ನು ಒತ್ತಿ ಹೊರತೆಗೆದು ಹೊಸದನ್ನು ಕೂರಿಸಿ, ಅದರ ಒಳಮೈಯನ್ನು ರೀಮರಿನಿಂದ ಅಳತೆಗೆ ತರುವುದೇ ಸರಿಯಾದ ಚಿಕಿತ್ಸೆ. ಕೆಲವು ಹೆಡ್ಡುಗಳಲ್ಲಿ ಹಳೆಯ ಗೈಡಿನೊಳಗೆ ಕಂಚಿನ ತೆಳುವಾದ ಒಳಗೊಳವೆಯನ್ನು ತೊಡಿಸುವುದೂ ಉಂಟು. ಗೈಡು ಬದಲಾದರೆ ವಾಲ್ವು ಕೂರುವ ಪೀಠವನ್ನೂ ಮತ್ತೆ ಕತ್ತರಿಸಬೇಕು. ಗೈಡು ಹಾಗೂ ಪೀಠ ಇವೆರಡರ ನಡುಗೆರೆ ಒಂದೇ ಆಗದಿದ್ದರೆ ವಾಲ್ವು ಮುಚ್ಚುವಾಗಲೆಲ್ಲ ದಂಡ ಬಾಗಿ ಹೊಸ ಗೈಡೂ ಬೇಗನೆ ಹಾಳಾಗುತ್ತದೆ.

ಮೂರನೆಯದು ಸೀಲಿನ ರೂಪ. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೊಡೆಯಂತಹುದು, ಅದು ದಂಡವನ್ನು ಬಿಗಿಹಿಡಿದು ಅದರೊಡನೆಯೇ ಏರಿಳಿಯುತ್ತ, ಮಳೆಯ ನೀರನ್ನು ಕೊಡೆ ಜಾರಿಸುವಂತೆ ಗೈಡಿನ ಬಾಯಿಂದಾಚೆಗೆ ಎಣ್ಣೆಯನ್ನು ಜಾರಿಸುತ್ತದೆ. ಎರಡನೆಯದು ಉಂಗುರದಂತಹುದು, ದಂಡದ ತುದಿಯ ಬಳಿ ಕೊರೆದ ಗಾಡಿಯಲ್ಲಿ ಕುಳಿತು, ಸ್ಪ್ರಿಂಗಿನ ತಟ್ಟೆಯ ರಂಧ್ರದಿಂದ ಎಣ್ಣೆ ದಂಡದ ಮೇಲೆ ಇಳಿಯದಂತೆ ನೋಡಿಕೊಳ್ಳುತ್ತದೆ. ಮೂರನೆಯದು ಗೈಡಿನ ನೆತ್ತಿಯ ಮೇಲೆ ಅಲುಗದೆ ಕೂರುವ ಸೀಲು; ಅದರ ತುಟಿಯನ್ನು ಸಣ್ಣ ಸುರುಳಿ ಸ್ಪ್ರಿಂಗೊಂದು ದಂಡಕ್ಕೆ ಒತ್ತಿ ಹಿಡಿದಿರುತ್ತದೆ. ದಂಡ ಜಾರುವಾಗ ತುಟಿ ಅದನ್ನು ಒರೆಸಿ ಬೇಕಾದಷ್ಟೇ ಪೊರೆಯನ್ನು ಉಳಿಸುತ್ತದೆ. ಇಂದಿನ ಎಂಜಿನ್ನುಗಳಲ್ಲಿ ಹೆಚ್ಚಾಗಿರುವುದು ಇದೇ. ಆದರೆ ಮೂರನೆಯದು ಉತ್ತಮವೆಂದು ಕೇಳಿ, ಕೊಡೆಯ ಸೀಲಿದ್ದ ಹಳೆಯ ಹೆಡ್ಡಿಗೆ ಅದನ್ನು ಸುಮ್ಮನೆ ತಗುಲಿಸಬಾರದು. ಗೈಡಿನ ನೆತ್ತಿಯ ಹೊರವ್ಯಾಸ ಸೀಲಿಗೆ ಸರಿಹೊಂದಬೇಕು, ಇಲ್ಲದಿದ್ದರೆ ಅದನ್ನು ಯಂತ್ರದಲ್ಲಿ ಕೆತ್ತಿಸಬೇಕು. ಮತ್ತು ವಾಲ್ವು ಪೂರ್ಣವಾಗಿ ತೆರೆದಾಗ ಸ್ಪ್ರಿಂಗಿನ ತಟ್ಟೆಗೂ ಸೀಲಿನ ನೆತ್ತಿಗೂ ನಡುವೆ ಸುಮಾರು ಒಂದೂವರೆ ಮಿಲಿಮೀಟರಾದರೂ ತೆರಪಿರಬೇಕು. ತೆರಪಿಲ್ಲದಿದ್ದರೆ ತಟ್ಟೆಯೇ ಸುತ್ತಿಗೆಯಾಗಿ ಸೀಲನ್ನು ಜಜ್ಜಿಬಿಡುತ್ತದೆ.

ನಾಲ್ಕನೆಯದು ದ್ರವ್ಯ. ಸೀಲೆಲ್ಲ ರಬ್ಬರು ಎನ್ನುವುದು ವಾಡಿಕೆಯ ಮಾತು; ಆ ರಬ್ಬರುಗಳಲ್ಲಿಯೂ ಕುಲಭೇದವುಂಟು. ಜರ್ಮನಿಯಲ್ಲಿ ೧೯೩೦ರ ದಶಕದಲ್ಲಿ ಹುಟ್ಟಿದ ನೈಟ್ರೈಲು ರಬ್ಬರು ಎಣ್ಣೆಗೆ ಅಂಜದು, ಅಗ್ಗವೂ ಹೌದು. ಆದರೆ ಸುಮಾರು ೧೨೦ ಡಿಗ್ರಿಯ ಮೇಲೆ ಬಹುಕಾಲ ಇದ್ದರೆ ಗಟ್ಟಿಯಾಗಿ, ಬಿಸಿಲಿನಲ್ಲಿ ಬಿದ್ದ ಚರ್ಮದ ಮಿಣಿಯಂತೆ ಬಿರಿಯುತ್ತದೆ. ಪಾಲಿಅಕ್ರಿಲೇಟೆಂಬುದು ಸುಮಾರು ೧೫೦ ಡಿಗ್ರಿಯವರೆಗೂ ತಾಳುತ್ತದೆ. ೧೯೫೭ರಲ್ಲಿ ವೈಟನ್ ಎಂಬ ಹೆಸರಿನಿಂದ ಪೇಟೆಗೆ ಬಂದ ಫ್ಲೋರಿನ್ ಬೆರೆತ ರಬ್ಬರು ೨೦೦ ಡಿಗ್ರಿಯ ಉಷ್ಣವನ್ನು ತಡೆಯುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ ಶಾಖವನ್ನು ತಾಳುವುದು ಅಮೆರಿಕದ ರಾಯ್ ಪ್ಲಂಕೆಟ್ ೧೯೩೮ರಲ್ಲಿ ಕಂಡುಹಿಡಿದ ಟೆಫ್ಲಾನು. ಅದಕ್ಕೆ ೨೬೦ ಡಿಗ್ರಿಯೂ ಭಯವಿಲ್ಲ. ಹಾಗೆಂದ ಮಾತ್ರಕ್ಕೆ ಟೆಫ್ಲಾನೇ ಎಲ್ಲೆಲ್ಲಿಯೂ ಶ್ರೇಷ್ಠವೆನ್ನುವಂತಿಲ್ಲ. ಅದು ರಬ್ಬರಿನಂತೆ ಬಾಗಿ ಬಳುಕುವ ವಸ್ತುವಲ್ಲ. ದಂಡದ ಓಲಾಟವನ್ನು ಸಹಿಸಲಾರದು. ದಂಡವನ್ನು ಬಹಳ ಒಣಗಿದಂತೆ ಒರೆಸಿಬಿಡುತ್ತದೆ. ಪಂದ್ಯದ ಕಾರಿಗೆ ಅದು ಸರಿ. ದಿನವೆಲ್ಲ ಕಲ್ಲು ಹೊರುವ ಲಾರಿಯ ಬೀಡುಕಬ್ಬಿಣದ ಗೈಡಿಗೆ, ಎಂಜಿನ್ನು ಮಾಡಿದವರು ಹೇಳದೆ ಅದನ್ನು ಹಾಕುವುದು ತೂಬನ್ನು ಪೂರ್ತಿ ಮುಚ್ಚಿದಂತೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಬಣ್ಣವನ್ನು ನೋಡಿ ದ್ರವ್ಯವನ್ನು ನಿಶ್ಚಯಿಸುವುದು ಪೇಟೆಯ ರೂಢಿ. ಹಸುರು ಒಳ್ಳೆಯದು, ಕಂದು ಇನ್ನೂ ಒಳ್ಳೆಯದು, ಕಪ್ಪು ಕೀಳು ಎಂದು ಹೇಳುವವರುಂಟು. ಬಣ್ಣವೆಂಬುದು ತಯಾರಕರು ತಮ್ಮ ಗುರುತಿಗಾಗಿ ಬೆರೆಸುವ ವಸ್ತು. ಒಂದೇ ಎಂಜಿನ್ನಿನ ಗಾಳಿಯ ವಾಲ್ವಿಗೂ ಹೊಗೆಯ ವಾಲ್ವಿಗೂ ಬೇರೆ ಬೇರೆ ಸೀಲುಗಳಿದ್ದಾಗ ಅವು ಅದಲುಬದಲಾಗದಿರಲೆಂದು ಎರಡು ಬಣ್ಣ ಕೊಡುವುದು ವಾಡಿಕೆಯಷ್ಟೆ. ಅಗ್ಗದ ನೈಟ್ರೈಲಿಗೂ ಹಸುರು ಬಣ್ಣವನ್ನು ಹಾಕುವುದು ಕಷ್ಟವಲ್ಲ. ಪೊಟ್ಟಣದ ಮೇಲಿನ ಭಾಗಸಂಖ್ಯೆಯನ್ನು ಎಂಜಿನ್ನಿನ ಪುಸ್ತಕದೊಡನೆ ತಾಳೆನೋಡಿ ಕೊಳ್ಳುವುದೇ ಬುದ್ಧಿವಂತಿಕೆ.

ಐದನೆಯದು ಸ್ಥಾನಭೇದ. ಗಾಳಿಯ ವಾಲ್ವು ಮತ್ತು ಹೊಗೆಯ ವಾಲ್ವು ಅಕ್ಕಪಕ್ಕದಲ್ಲಿದ್ದರೂ ಅವುಗಳ ಕಷ್ಟ ಒಂದೇ ಅಲ್ಲ. ಪೆಟ್ರೋಲು ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಥ್ರಾಟಲೆಂಬ ಅಡ್ಡತಡೆಯಿರುವುದರಿಂದ, ಅದು ಮುಚ್ಚಿದಾಗ ಒಳಗಡೆ ಬಲವಾದ ಸೆಳೆತವುಂಟಾಗಿ ಗೈಡಿನ ಮೂಲಕ ಎಣ್ಣೆಯನ್ನು ಹೀರುತ್ತದೆ. ಆದಕಾರಣ ಅಲ್ಲಿ ಗಾಳಿಯ ವಾಲ್ವಿನ ಸೀಲೇ ಮುಖ್ಯ. ಥ್ರಾಟಲಿಲ್ಲದ ಹಳೆಯ ಡೀಸೆಲು ಎಂಜಿನ್ನಿನಲ್ಲಿ ಈ ಸೆಳೆತ ಬಹಳ ಕಡಮೆ. ಟರ್ಬೊ ಇದ್ದರಂತೂ ಭಾರವನ್ನೆಳೆಯುವಾಗ ಒಳಗಿನ ಗಾಳಿಯೇ ಗೈಡಿನ ಮೂಲಕ ಮೇಲಕ್ಕೆ ಒತ್ತುತ್ತದೆ. ಹೊಗೆಯ ವಾಲ್ವಿನ ಕಡೆ ಶಾಖ ಹೆಚ್ಚು; ಅಲ್ಲಿ ನೈಟ್ರೈಲು ಬಹುಕಾಲ ಬಾಳದು, ಫ್ಲೋರಿನ್ ರಬ್ಬರೇ ಬೇಕು. ಇನ್ನೊಂದು ಸಂಗತಿಯನ್ನು ಚಿಂಚೋಳಿಯ ಕಡೆಯ ಇಳಿಜಾರಿನಲ್ಲಿ ಭಾರ ಹೊತ್ತು ಇಳಿಯುವ ಚಾಲಕರು ಬಲ್ಲರು. ಹೊಗೆಯ ಕೊಳವೆಯನ್ನು ಅಡ್ಡಗಟ್ಟಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಎಕ್ಸಾಸ್ಟು ಬ್ರೇಕನ್ನು ಅವರು ಬಳಸುತ್ತಾರೆ. ಆಗ ಹೊಗೆಯ ದ್ವಾರದಲ್ಲಿ ಒತ್ತಡ ವಾತಾವರಣದ ಹಲವು ಪಟ್ಟಾಗಿ, ಗೈಡಿನ ಮೂಲಕ ನುಗ್ಗಿ ಸೀಲನ್ನು ಅದರ ಪೀಠದಿಂದಲೇ ಎಬ್ಬಿಸಲು ನೋಡುತ್ತದೆ. ಅಂತಹ ಎಂಜಿನ್ನಿಗೆ ಲೋಹದ ಕವಚವಿದ್ದು ಗೈಡನ್ನು ಭದ್ರವಾಗಿ ಕಚ್ಚಿಕೊಳ್ಳುವ, ಕೆಳಗಿನ ಅನಿಲಕ್ಕೂ ಒಂದು ತುಟಿಯಿರುವ ಸೀಲನ್ನೇ ತಯಾರಕರು ವಿಧಿಸುತ್ತಾರೆ. ಬೆಲೆ ಕಡಮೆಯೆಂದು ಬರಿಯ ರಬ್ಬರಿನದನ್ನು ಹಾಕಿದರೆ ಅದು ಒಂದು ದಿನ ದಂಡದೊಡನೆಯೇ ಏರಿಳಿಯುತ್ತಿರುವುದನ್ನು ಕಾಣಬಹುದು.

ಸರಿಯಾದ ಸೀಲನ್ನು ತಂದ ಮೇಲೆಯೂ ಅದನ್ನು ಕೂರಿಸುವ ಕೈ ಎಚ್ಚರ ತಪ್ಪಬಾರದು. ವಾಲ್ವನ್ನು ಪೀಠಕ್ಕೆ ಉಜ್ಜಿ ಕೂರಿಸುವ ಲೇಪನದಲ್ಲಿ ಉಕ್ಕನ್ನೂ ಕೊರೆಯುವ ಹರಳಿನ ಪುಡಿಯಿರುತ್ತದೆ. ಅದರ ಕಣವೊಂದು ಗೈಡಿನಲ್ಲಿ ಉಳಿದರೂ ಹೊಸ ಸೀಲಿನ ತುಟಿ ಹರಿಯುತ್ತದೆ. ಆದುದರಿಂದ ಉಜ್ಜುವ ಕೆಲಸ ಮುಗಿದು, ಹೆಡ್ಡನ್ನು ಚೆನ್ನಾಗಿ ತೊಳೆದು, ಗೈಡುಗಳನ್ನು ಬ್ರಷ್ಷಿನಿಂದ ಶುದ್ಧಮಾಡಿದ ಬಳಿಕವೇ ಸೀಲಿನ ಸರದಿ. ದಂಡದ ತುದಿಯಲ್ಲಿ ಲಾಕುಗಳು ಕೂರುವ ಗಾಡಿಯ ಅಂಚು ಚಾಕುವಿನಂತೆ ಹರಿತ. ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ಕಿನ ಟೊಪ್ಪಿಗೆಯನ್ನು ತೊಡಿಸಿ, ದಂಡಕ್ಕೂ ತುಟಿಗೂ ಎಣ್ಣೆಯನ್ನು ಸವರಿ, ಸೀಲನ್ನು ನಿಧಾನವಾಗಿ ಇಳಿಸಬೇಕು. ಅದಕ್ಕೆಂದೇ ಇರುವ ಕೊಳವೆಯಂತಹ ಉಪಕರಣದಿಂದ ನೇರವಾಗಿ ಒತ್ತಬೇಕು. ಸ್ಪ್ಯಾನರಿನ ಹಿಂಬದಿಯಿಂದ ಬಡಿಯಬಾರದು. ಒಮ್ಮೆ ತೆಗೆದ ಸೀಲನ್ನು ಮತ್ತೆ ಹಾಕಬಾರದು. ನಮ್ಮಲ್ಲಿ ಹಳೆಯ ವಸ್ತುವನ್ನು ಎಸೆಯಲು ಮನಸ್ಸು ಬಾರದಿರುವುದು ಸದ್ಗುಣವೇ ಸರಿ. ಆದರೆ ಈ ಒಂದು ವಸ್ತುವಿನಲ್ಲಿ ಆ ಗುಣವನ್ನು ಬದಿಗಿಡಬೇಕು.

ಇನ್ನು ಧೂಳಿನ ಮಾತು. ಶುದ್ಧವಾದ ಸುಣ್ಣದ ಕಲ್ಲು ಮೃದು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಎಣಿಸುವ ಮೋಸ್ ಮಾನದಲ್ಲಿ ಅದಕ್ಕೆ ೩ನೆಯ ಸ್ಥಾನ. ಆದರೆ ಕಲ್ಲಿನಲ್ಲಿಯೂ ರಸ್ತೆಯ ಮಣ್ಣಿನಲ್ಲಿಯೂ ಬೆರೆತಿರುವ ಸ್ಫಟಿಕಕ್ಕೆ ೭ನೆಯ ಸ್ಥಾನ. ಗಾಳಿಯ ಶೋಧಕ ಹರಿದಿದ್ದರೆ, ಅಥವಾ ಅದರ ಕೊಳವೆಯ ಪಟ್ಟಿ ಸಡಿಲವಾಗಿದ್ದರೆ, ಈ ಪುಡಿ ಗಾಳಿಯೊಡನೆ ಒಳಹೊಕ್ಕು ಎಣ್ಣೆಯ ಪೊರೆಗೆ ಅಂಟಿ, ಗೈಡನ್ನು ಸಾಣೆಹಿಡಿದಂತೆ ತೇಯುತ್ತದೆ. ಹೀಗಿರುವಾಗ ಗೈಡನ್ನೂ ಸೀಲನ್ನೂ ಬದಲಿಸಿ ಹರಿದ ಶೋಧಕವನ್ನು ಹಾಗೆಯೇ ಬಿಡುವುದೆಂದರೆ ರೋಗಿಗೆ ಔಷಧವನ್ನು ಕೊಟ್ಟು ಅದೇ ಕೊಳೆತ ನೀರನ್ನು ಕುಡಿಸಿದಂತಾಯಿತು. ವಾಡಿಯ ಉಸ್ತಾದರು ಹೆಡ್ಡನ್ನು ಮುಟ್ಟುವ ಮೊದಲೇ ಶೋಧಕದ ಡಬ್ಬಿಯನ್ನು ತೆರೆದು, ಒಳಮೈಯನ್ನು ಬೆರಳಿನಿಂದ ಸವರಿ, ಬಿಳಿಯಾದ ಬೆರಳನ್ನು ನಮ್ಮ ಬಂಧುಗಳಿಗೆ ತೋರಿಸಿದ್ದರು. ಕೊಳವೆಯ ಪಟ್ಟಿ ಸಡಿಲವಾಗಿತ್ತು. ಸವೆತದ ಮೂಲ ಅಲ್ಲಿತ್ತು.

ಇಷ್ಟೆಲ್ಲ ಶ್ರಮ ಏಕೆಂದು ಕೇಳಬಹುದು. ಎಣ್ಣೆ ಉರಿದರೆ ಹಣ ಹೋಗುವುದಷ್ಟೇ ಅಲ್ಲ. ೨೦೨೦ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಮಾರುವ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ೬ ಎಂಬ ನಿಯಮವಿದೆ. ಅದಕ್ಕನುಸಾರವಾದ ಡೀಸೆಲು ಲಾರಿಗಳ ಹೊಗೆಯ ದಾರಿಯಲ್ಲಿ ಮಸಿಯನ್ನು ಹಿಡಿಯುವ ಶೋಧಕವೊಂದಿರುತ್ತದೆ. ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಎಂಜಿನ್ನಿನ ಎಣ್ಣೆ ಉರಿದು ಉಳಿದ ಬೂದಿ ಮಾತ್ರ ಸುಡದು, ಅಲ್ಲಿಯೇ ತುಂಬುತ್ತ ಹೋಗುತ್ತದೆ. ಹೀಗೆ ಅಗ್ಗದ ಸೀಲೊಂದರ 'ಉಳಿತಾಯ' ಬಹು ಬೆಲೆಯ ಶೋಧಕವನ್ನು ಕಟ್ಟಿಸಿಬಿಡಬಲ್ಲುದು. ಹಳೆಯ ಲಾರಿಗಳಲ್ಲಿ ಆ ಶೋಧಕವಿಲ್ಲ. ಅಲ್ಲಿ ನೀಲಿ ಹೊಗೆಯನ್ನು ಹಿಡಿಯುವ ಶೋಧಕ ನಮ್ಮ ಮಕ್ಕಳ ಶ್ವಾಸಕೋಶವೇ. ಶಾಲೆ ಬಿಡುವ ಹೊತ್ತಿನಲ್ಲಿ ಸೇಡಮಿನ ರಸ್ತೆಯ ಬದಿಯಲ್ಲಿ ನಿಂತು ನೋಡಿದವರಿಗೆ ಈ ಮಾತಿನಲ್ಲಿ ಅತಿಶಯೋಕ್ತಿ ಕಾಣದು.

ನಮ್ಮ ಬಂಧುಗಳ ಹೆಡ್ಡಿಗೆ ಹನ್ನೆರಡು ಹೊಸ ಗೈಡುಗಳಾದವು; ಪೀಠಗಳನ್ನು ಮತ್ತೆ ಕತ್ತರಿಸಲಾಯಿತು; ಪುಸ್ತಕದಲ್ಲಿ ಹೇಳಿದ ಸೀಲುಗಳನ್ನೇ ತರಿಸಲಾಯಿತು. ಮೊದಲ ಸಲ ಕೊಂಡ ದುಬಾರಿ ಸೀಲುಗಳಿಗಿಂತ ಇವುಗಳ ಬೆಲೆ ಕಡಮೆಯಾಗಿತ್ತೆಂಬುದನ್ನು ಅವರು ಇಂದಿಗೂ ನಿಟ್ಟುಸಿರಿನೊಡನೆ ನೆನೆಯುತ್ತಾರೆ. ಮೊನ್ನೆ ಹೋದಾಗ ಲಾರಿ ಮನೆಯ ಮುಂದೆ ನಿಂತಿತ್ತು. ಬೆಳಗ್ಗೆ ಅದು ಹೊರಡುವಾಗ ನಾವು ಹಿಂದುಗಡೆ ನಿಂತು ನೋಡಿದೆವು. ನೀಲಿ ಕಾಣಲಿಲ್ಲ. ಮನೆಯಾಕೆ ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಯನ್ನು ಈ ಸಲ ತೆಗೆಯಲಿಲ್ಲವೆಂಬುದನ್ನೂ ನಾವು ಗಮನಿಸಿದೆವು.

ಹೆಡ್ಡನ್ನು ಕಟ್ಟಿಸುವ ಸಂದರ್ಭ ಶ್ರೋತೃಗಳಲ್ಲಿ ಯಾರಿಗಾದರೂ ಒದಗಿದರೆ, ಯಾವ ಸೀಲು ಒಳ್ಳೆಯದು ಎಂದು ಮೊದಲು ಕೇಳಬೇಡಿರಿ. ಗೈಡಿನ ಅಳತೆ ಎಷ್ಟು ಬಂದಿತು ಎಂದು ಕೇಳಿರಿ. ಆ ಪ್ರಶ್ನೆಗೆ ಅಂಕಿಯಿಂದ ಉತ್ತರ ಕೊಡುವವರ ಕೈಯಲ್ಲಿ ನಿಮ್ಮ ಎಂಜಿನ್ನು ಕ್ಷೇಮವಾಗಿರುತ್ತದೆ. ಇಷ್ಟನ್ನು ಅರಿಕೆಮಾಡಿ ನಮ್ಮ ಮಾತನ್ನು ಮುಗಿಸುತ್ತೇವೆ.